ಸುಂಟರಗಾಳಿ ಬೋಳು ಹೊಲದಲ್ಲಿ ಏನು ಹುಡುಕುತ್ತದೆ

ಈ ಕತೆಯನ್ನು ಮೊದಲು ಹೇಳಿದವರು ನಮ್ಮ ಸೋದರತ್ತೆ ನೀಲಗಂಗವ್ವ. ಒಂದು ಮಧ್ಯಾಹ್ನ ಅವರು ಕಣದಲ್ಲಿ ಜೋಳ ತೂರಿ, ಹೊಟ್ಟನ್ನು ಒಂದು ಕಡೆ ಒಟ್ಟಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಎಲ್ಲಿಂದಲೋ ಒಂದು ಸುಂಟರಗಾಳಿ ಬಂತು. ಹೊಟ್ಟನ್ನೆಲ್ಲ ಎತ್ತಿತು, ಸುತ್ತಿಸಿತು, ಒಂದೊಂದನ್ನೇ ನೋಡಿದಂತೆ ಮಾಡಿತು. ಆಮೇಲೆ ಇದಲ್ಲ ಎಂಬಂತೆ ಎಲ್ಲವನ್ನೂ ಮಕ್ಕಳ ತಲೆಯ ಮೇಲೆ ಸುರಿದು ಮುಂದೆ ಹೋಯಿತು.

ಮಕ್ಕಳು ಬಾಯಿಗೆ ಬಂದಂತೆ ಬೈದರು. ಅತ್ತೆ ಬೈಯಲಿಲ್ಲ.

"ಬೈಬ್ಯಾಡ್ರೋ. ಅವನ ತಲಿಬ್ಯಾನಿ ಅವನಿಗೆ ಸಾಕಾಗೈತಿ" ಎಂದರು.

ಯಾಕೆ ಎಂದು ಕೇಳಿದರೆ ಆಗಲೇ ಹೇಳಲಿಲ್ಲ. ಬೇವಿನ ಮರದ ಕಡೆ ನೋಡಿದರು. ಮರ ಗರಬಡಿದಂತೆ ನಿಂತಿತ್ತು. "ಎಲಿ ಅಲ್ಲಾಡಲಿ, ಆಮ್ಯಾಲೆ ಹೇಳ್ತೀನಿ" ಎಂದರು. ಹೊತ್ತು ಇಳಿದು, ಬೇವಿನ ಎಲೆ ಮೆಲ್ಲಗೆ ಆಡತೊಡಗಿದ ಮೇಲೆ ಎಲ್ಲರನ್ನೂ ಅದರ ಕೆಳಗೆ ಕೂಡಿಸಿ, ಶಿವನನ್ನು ನೆನೆದು, ಹೇಳಿದರು. ಆ ಕತೆ ಇದು.

ಜಗತ್ತು ಹೊಸದಾಗಿದ್ದ ಕಾಲ. ಮಣ್ಣು ಈಗ ತಾನೇ ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಗುಡ್ಡಗಳು ತಮ್ಮ ತಮ್ಮ ಜಾಗ ನೋಡಿಕೊಂಡು ಕೂಡುತ್ತಿದ್ದವು. ಹೊಳೆಗಳು ಸಿಕ್ಕವರನ್ನೆಲ್ಲ ದಾರಿ ಕೇಳುತ್ತ ಹೊರಟಿದ್ದವು.

ಶಿವ ಎಲ್ಲರಿಗೂ ಕೆಲಸ ಹಂಚುತ್ತಿದ್ದ. ಸೂರ್ಯನಿಗೆ "ನೀನು ಕಾಯಿಸು" ಎಂದ. ಕಡಲಿಗೆ "ನೀನು ಕೂಡಿಟ್ಟುಕೋ" ಎಂದ. ಕೊನೆಗೆ ಗಾಳಿಯನ್ನು ಕರೆದ. ಗಾಳಿಯ ಹೆಸರು ಗಾಳೆಪ್ಪ.

"ಗಾಳೆಪ್ಪಾ, ಪಡುವಣ ಕಡಲಿಂದ ಮೋಡ ಹೊತ್ತು, ಘಟ್ಟ ಹತ್ತಿಸಿ, ಈ ಎರೆ ಬಯಲಿಗೆ ತಂದು ಇಳಿಸಬೇಕು. ಅದು ನಿನ್ನ ಕೆಲಸ."

"ಒಂದ ಸಲ ತಂದ್ರ ಸಾಕೇನ್ರಿ?"

"ವರ್ಷಾ ವರ್ಷಾ ತರಬೇಕು."

"ಕೂಲಿ?"

"ಮೋಡ ತಂದಾಗ ಜನ ಮುಖ ಮೇಲೆತ್ತಿ ನಗುತ್ತಾರೆ. ಅದೇ ಕೂಲಿ."

ಗಾಳೆಪ್ಪ ತಲೆ ಕೆರೆದುಕೊಂಡ. ಆಗ ಇನ್ನೂ ಜನರೇ ಹುಟ್ಟಿರಲಿಲ್ಲ. ಆದರೂ ಹೇಳಿದವನು ಶಿವ. ಆಗಲಿ ಎಂದು ಒಪ್ಪಿಕೊಂಡ.

ಗಾಳೆಪ್ಪನಿಗೆ ಮೋಡ ಹೊರುವುದು ಕಷ್ಟವಾಗಲಿಲ್ಲ. ಅವನ ಹೆಗಲು ದೊಡ್ಡದು. ಕಷ್ಟವಾದದ್ದು ಮಗಳದು. ಅವನಿಗೆ ಒಬ್ಬಳೇ ಮಗಳು, ತಾಯಿಯಿಲ್ಲದ ಕೂಸು. ಈಗ ನಾವು ತಂಗಾಳಿ ಎನ್ನುತ್ತೇವಲ್ಲ, ಅವಳೇ. ಅವನು ಅವಳನ್ನು ತಂಗೆವ್ವ ಎಂದು ಕರೆಯುತ್ತಿದ್ದ. ಮೈ ಹೂವಿನಂಥದು. ಬಿಸಿಲು ತಾಗಿದರೆ ಒಣಗುತ್ತಿದ್ದಳು. ಬಿಟ್ಟು ಹೋಗಲು ಮನೆಯಿಲ್ಲ. ಹೀಗಾಗಿ ಹೋದಲ್ಲೆಲ್ಲ ಕಂಕುಳಲ್ಲಿ ಅವಳು, ಹೆಗಲ ಮೇಲೆ ಮೋಡ.

"ಅಪ್ಪಾ, ಬಿಸಲಾ."

"ಗೊತ್ತೈತಿ."

"ಅಪ್ಪಾ, ನೀರಡಿಕಿ."

"ಬಯಲು ಮುಟ್ಟಲಿ, ತಡಿ."

"ಅಪ್ಪಾ, ಈ ಮೋಡದಾಗ ಏನೈತಿ?"

"ಕೈ ಹಚ್ಚಬ್ಯಾಡ ಅಂದೆನಲ್ಲ ತಂಗೆವ್ವಾ!"

ಹಚ್ಚಿಬಿಟ್ಟಿರುತ್ತಿದ್ದಳು. ಮೋಡ ಸೋರುತ್ತಿತ್ತು. ಬಯಲಿಗೆ ಬೀಳಬೇಕಾದ ನೀರು ಬಂಡೆಯ ಮೇಲೆ ಬಿದ್ದು ಹರಿದುಹೋಗುತ್ತಿತ್ತು. ಗಾಳೆಪ್ಪ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ಮಗಳ ಮುಖ ನೋಡಿದರೆ ಬೈಯಲು ಬಾಯಿ ಬರುತ್ತಿರಲಿಲ್ಲ, ಬೈಯದೆ ಇರಲೂ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಎರೆ ಬಯಲಿನ ನಟ್ಟನಡುವೆ ಒಂದು ಬಸರಿ ಮರ ಕಂಡಿತು. ಎಂಥ ಮರ! ಅದರ ಕೆಳಗೆ ಒಂದು ಹಿಂಡು ಆನೆ ಮಲಗಬಹುದಿತ್ತು. ಎಲ್ಲಿ ಚಿವುಟಿದರೂ ಹಾಲು ಬರುತ್ತಿತ್ತು. ನೆರಳೋ, ತೊಳೆದಿಟ್ಟ ಗಡಿಗೆಯ ಒಳಗಿನ ಹಾಗೆ ತಣ್ಣಗಿತ್ತು. ಆದರೆ ಮರ ಮೂಕ. ಅದಕ್ಕೆ ಮಾತು ಬರುತ್ತಿರಲಿಲ್ಲ.

ತಂಗೆವ್ವ ಅಪ್ಪನ ಕಂಕುಳಿನಿಂದ ಜಾರಿ, ಹೋಗಿ ಕೊಂಬೆಯ ಮೇಲೆ ಕುಳಿತಳು. ಎಲೆಗಳು ಸರಸರ ಅಲ್ಲಾಡಿದವು. ಆ ಸರಸರದಲ್ಲಿ ಮರಕ್ಕೆ ಮೊದಲ ಸಲ ಮಾತು ಬಂತು.

"ಬಾ ನನ್ನವ್ವ" ಎಂದಿತು ಮರ.

ಗಾಳೆಪ್ಪನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಅಲ್ಲಿಯೇ ಮಾತಾಯಿತು. ಗಾಳೆಪ್ಪ ಕಡಲಿಗೆ ಹೋಗಿ ಬರುವ ತನಕ ಮರ ಮಗಳಿಗೆ ನೆರಳು ಕೊಡಬೇಕು, ಮಗಳು ಮರಕ್ಕೆ ಮಾತು ಕೊಡಬೇಕು.

"ಒಂದ ಮಾತು ಹೇಳತೀನಿ" ಎಂದ ಗಾಳೆಪ್ಪ ಮರಕ್ಕೆ. "ಈಕಿ ಮಧ್ಯಾಹ್ನ ಮಲಗತಾಳ. ಬಿಸಲು ಏರಿತಂದ್ರ ಕಣ್ಣು ತಗಿಯೂದಿಲ್ಲ. ಆಗ ನಿನ್ನ ಮಾತೂ ನಿಲ್ಲತೈತಿ. ಸಿಟ್ಟಿಗೇಳಬ್ಯಾಡ."

ಮರ ನಕ್ಕಿತು. "ಕೂಸು ಮಲಗಿದಾಗ ಯಾರಾದ್ರೂ ಮಾತಾಡತಾರೇನು?" ಎಂದಿತು.

ಅಂದಿನಿಂದ ಗಾಳೆಪ್ಪ ನಿಶ್ಚಿಂತೆಯಿಂದ ಮೋಡ ಹೊತ್ತ. ಘಟ್ಟದ ನೆತ್ತಿಗೆ ಬಂದು ನೋಡಿದರೆ ದೂರದ ಬಯಲಿನಲ್ಲಿ ಕೆನ್ನೆಗೆ ಇಟ್ಟ ಕಾಡಿಗೆ ಬೊಟ್ಟಿನ ಹಾಗೆ ಮರ ಕಾಣುತ್ತಿತ್ತು. ಅದೇ ಅವನಿಗೆ ಗುರುತು. ಅದನ್ನು ನೋಡಿಕೊಂಡು ನೆಟ್ಟಗೆ ಬರುತ್ತಿದ್ದ. ಮೊದಲು ಮಗಳನ್ನು ಮಾತಾಡಿಸುತ್ತಿದ್ದ, ಆಮೇಲೆ ಮೋಡಗಳನ್ನು ಒಂದೊಂದಾಗಿ, ಎಲ್ಲಿ ಎಷ್ಟು ಬೇಕೋ ಅಷ್ಟು, ಮೆಲ್ಲಗೆ ಇಳಿಸುತ್ತಿದ್ದ. ಮಳೆ ಹದವಾಗಿ ಬರುತ್ತಿತ್ತು.

ಮರದ ನೆರಳು ನೋಡಿ ಜನ ಬಂದರು. ಊರಾಯಿತು. ಗಾಳೆಪ್ಪ ಮೋಡ ತಂದಾಗ ಅವರು ಮುಖ ಮೇಲೆತ್ತಿ ನಗುತ್ತಿದ್ದರು. ಕೂಲಿ ಸಂದಿತು.

ಒಳ್ಳೆಯ ಜನ. ಅದನ್ನು ಹೇಳದೆ ಮುಂದೆ ಹೋಗಬಾರದು. ಸ್ನಾನ, ವಿಭೂತಿ, ಪೂಜೆ ಆಗದೆ ಬಾಯಿಗೆ ನೀರು ಹಾಕದವರು. ನೆಲಕ್ಕೆ ರಂಟೆ ಹೂಡುವಾಗ ಮಣ್ಣಿಗೆ ಕೈಮುಗಿದು ಹೂಡುವವರು. ಮರದಿಂದ ಒಂದು ಕಡ್ಡಿ ಬೇಕಾದರೂ ಕೇಳಿಯೇ ತೆಗೆದುಕೊಳ್ಳುವವರು.

ಅವರಲ್ಲಿ ಮದುವೆಗೆ ಒಂದು ಪದ್ಧತಿ ಇತ್ತು. ಮನೆ ಮುಂದೆ ಹಂದರ ಹಾಕುವಾಗ ಹಾಲು ಸುರಿಯುವ ಮರದ ಒಂದು ಹಸಿ ಕೊಂಬೆ ತಂದು ನೆಡಬೇಕು. ಅದಕ್ಕೆ ಹಾಲುಗಂಬ ಎನ್ನುತ್ತಾರೆ. ಮನೆಗೆ ಬಂದ ಹೊಸ ಸೊಸೆ ದಿನಾ ಮುಂಜಾನೆ ಅದರ ಬುಡಕ್ಕೆ ಹಾಲು-ನೀರು ಎರೆಯಬೇಕು.

ಊರ ಹಿರಿಯ ಅಡಿವೆಪ್ಪ. ಮರದ ಅಪ್ಪಣೆ ಕೇಳುವುದು ಅವನ ಪಾಲಿನ ಕೆಲಸ. ಊರಿನ ಮೊದಲ ಮದುವೆ ಬಾಳವ್ವನ ಹಿರಿಯ ಮಗನದು. ಅಡಿವೆಪ್ಪ ಮುಂಜಾನೆ ಎದ್ದು, ಮಡಿಯುಟ್ಟು, ಮರಕ್ಕೆ ಅರಿಷಿಣ ಕುಂಕುಮ ಏರಿಸಿ, ಕೈಮುಗಿದು ಕೇಳಿದ. "ತಾಯಿ, ಹಾಲುಗಂಬಕ್ಕ ಈ ಕೊಂಬಿ ತಗೊಳ್ಳಲೇನು?"

ತಂಗೆವ್ವ ಎಚ್ಚರವಾಗಿದ್ದಳು. ಎಲೆ ಆಡಿದವು.

"ಅದು ಬ್ಯಾಡ. ಕಾಗಿ ಮೊಟ್ಟಿ ಇಟ್ಟೈತಿ" ಎಂದಿತು ಮರ.

"ಹಂಗಾದ್ರ ಇದು?"

"ಅದೂ ಬ್ಯಾಡ. ಪಡುವಣ ಬಿಸಲಿಗೆ ಅದ ನನ್ನ ಆಸರ. ಅಗೋ, ಅಲ್ಲಿ ಕೆಳಗ ಬಾಗೇತಲ್ಲ, ಅದನ್ನ ತಗೋ. ಹೋದ್ರೂ ಮತ್ತ ಚಿಗಿಯತೈತಿ."

ಅಡಿವೆಪ್ಪ ಅದನ್ನೇ ತಂದ. ಡೊಂಕು ಕೊಂಬೆ. ಹಂದರ ಅದರ ಮೇಲೆ ಓರೆಯಾಗಿ ನಿಂತಿತು. ಊಟಕ್ಕೆ ಕುಳಿತ ಬೀಗರು ಸುಮ್ಮನಿರುತ್ತಾರೆಯೇ?

"ಬೀಗತಿ, ನಿಮ್ಮ ಹಂದರ ಹೆಂಡ ಕುಡದೈತೇನ್ರಿ?"

"ಹುಡುಗನೂ ಹಿಂಗ ವಾಲತಾನೇನ್ರಿ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಾಳವ್ವನೂ ನಕ್ಕಳು. ಹೊಟ್ಟೆಯೊಳಗೆ ಮಾತ್ರ ಮುಳ್ಳು ಮುರಿಯಿತು.

ಎರಡನೆಯ ಮಗನ ಮದುವೆ ಬಂತು. ಬಾಳವ್ವ ಅಡಿವೆಪ್ಪನ ಮನೆಗೆ ಹೋದಳು.

"ಮಾವಾ, ಈ ಸಲ ನೆಟ್ಟನ ಕೊಂಬಿ ಬೇಕು. ನಡುವಿನದು."

"ಅದು ಕೊಡಾಂಗಿಲ್ಲ ಬಾಳವ್ವ. ಕೇಳಿದ್ರ ಬ್ಯಾಡ ಅಂತೈತಿ."

"ನಿಮಗ ಕೇಳೂ ಹೊತ್ತು ಗೊತ್ತಿಲ್ಲ. ಮುಂಜಾನಿ ಯಾಕ ಹೋಗ್ತೀರಿ? ನಾ ದಿನಾ ಮಧ್ಯಾಹ್ನ ಹೊಲಕ್ಕ ಬುತ್ತಿ ಒಯ್ತೀನಿ. ಆ ಹೊತ್ತಿನಾಗ ಅದು ಎಷ್ಟು ಶಾಂತ ಇರತೈತಿ ಗೊತ್ತೈತೇನು? ಒಂದ ಎಲಿ ಅಲ್ಲಾಡೂದಿಲ್ಲ. ಅವಾಗ ಕೇಳ್ರಿ."

ಅಡಿವೆಪ್ಪ ಮಧ್ಯಾಹ್ನ ಹೋದ. ಅರಿಷಿಣ ಏರಿಸಿದ, ಕುಂಕುಮ ಏರಿಸಿದ, ಕಾಯಿ ಒಡೆದ, ಕೈಮುಗಿದು ಕೇಳಿದ. ಮೇಲೆ ತಂಗೆವ್ವ ಗಾಢ ನಿದ್ದೆಯಲ್ಲಿದ್ದಳು. ಮರ ಮೂಕವಾಗಿತ್ತು.

"ಸುಮ್ಮಕೈತಿ" ಎಂದ ಅಡಿವೆಪ್ಪ, ಸ್ವಲ್ಪ ಅಳುಕಿನಿಂದ.

"ಬ್ಯಾಡ ಅಂತೇನು?"

"ಇಲ್ಲ."

"ಮತ್ತ? ನಾವು ಭಕ್ತಿಲೆ ಕೇಳಿದ್ವಿ. ಅದು ಬ್ಯಾಡ ಅನ್ನಲಿಲ್ಲ. ಅಂದಮ್ಯಾಲೆ ಹೂಂ ಅಂದಂಗ ಆತಲ್ಲ!"

ಕೊಡಲಿಗೂ ಕುಂಕುಮ ಹಚ್ಚಿ, ನಡುವಿನ ನೆಟ್ಟನೆಯ ಕೊಂಬೆ ಕಡಿದರು. ಹಂದರ ನೆಟ್ಟಗೆ ನಿಂತಿತು. ಬೀಗರು ಹುಡುಕಿದರೂ ಆಡಿಕೊಳ್ಳಲು ಏನೂ ಸಿಗಲಿಲ್ಲ.

ಅಂದಿನಿಂದ ಊರಿಗೆ ಅದೇ ಪದ್ಧತಿಯಾಯಿತು. ತೊಟ್ಟಿಲಿಗೆ ಕೊಂಬೆ ಬೇಕೇ? ಮಧ್ಯಾಹ್ನ ಕೇಳಿ. ಒನಕೆಗೆ? ಮಧ್ಯಾಹ್ನ ಕೇಳಿ. ಆಡಿನ ಮರಿಗೆ ಸೊಪ್ಪು? ಅದಕ್ಕೂ ಮಧ್ಯಾಹ್ನವೇ ಕೇಳಿ. ಕೇಳದೆ ಯಾರೂ ಒಂದು ಎಲೆ ಮುಟ್ಟಲಿಲ್ಲ. ಅರಿಷಿಣ ಕುಂಕುಮ ಇಲ್ಲದೆ ಒಂದು ಏಟೂ ಬೀಳಲಿಲ್ಲ. ಮರವೂ ಒಮ್ಮೆಯೂ ಬೇಡ ಎನ್ನಲಿಲ್ಲ. ಅದಕ್ಕೆ ಮಾತು ಬರುವ ಮುಂಜಾನೆ ಮಾತ್ರ ಅತ್ತ ಯಾರೂ ಸುಳಿಯುತ್ತಿರಲಿಲ್ಲ.

ಗಾಳೆಪ್ಪ ಮೋಡ ಹೊತ್ತು ಘಟ್ಟದ ನೆತ್ತಿಗೆ ಬಂದು ನೋಡಿದ. ಕಾಡಿಗೆ ಬೊಟ್ಟು ಮಸುಕಾಗಿತ್ತು. ತನ್ನ ಕಣ್ಣೇ ಮಂಜಾಯಿತೇನೋ ಎಂದುಕೊಂಡು ಬಂದ. ಹತ್ತಿರ ಬಂದರೆ ಮಗಳ ಕೆನ್ನೆಯ ಮೇಲೆ ಬಿಸಿಲಿನ ಬರೆ.

"ಇದೇನ ತಂಗೆವ್ವಾ?"

"ಮಲಗಿದ್ದೆ ಅಪ್ಪಾ. ಎದ್ದು ನೋಡಿದ್ರ ಮ್ಯಾಲಿನ ಕೊಂಬಿ ಇರಲಿಲ್ಲ."

"ಅದಕ್ಕ ಹೇಳೂದು ಮಧ್ಯಾಹ್ನ ಮಲಗಬ್ಯಾಡ ಅಂತ!"

"ಬಿಸಲಿಗೆ ನಿದ್ದಿ ಬರತೈತಿ ಅಪ್ಪಾ."

"ನಿನಗ ಹೇಳೂದೂ ಒಂದ, ಗ್ವಾಡಿಗೆ ಹೇಳೂದೂ ಒಂದ" ಎಂದು ಗೊಣಗಿದ ಗಾಳೆಪ್ಪ ನೇರ ಊರೊಳಗೆ ಹೋದ. ಬಾಗಿಲುಗಳು ಢಬಢಬ ಬಡಿದವು.

"ಅಡಿವೆಪ್ಪಾ! ಹೊರಗ ಬಾ!"

ಅಡಿವೆಪ್ಪ ರುಮಾಲು ಸರಿ ಮಾಡಿಕೊಳ್ಳುತ್ತ ಬಂದ. "ಶರಣ್ರಿ ಗಾಳೆಪ್ಪ. ಬರ್ರಿ. ಮಜ್ಜಿಗಿ ತಗೊಳ್ರಿ."

"ನಿನ್ನ ಮಜ್ಜಿಗಿ ಸುಡ್ಲಿ. ನನ್ನ ಮಗಳು ಮಲಗೂ ಮರ ಕಡಿಯಾಕತ್ತೀರಿ?"

ಅಡಿವೆಪ್ಪ ಕಿವಿ ಮುಟ್ಟಿಕೊಂಡ. "ಶಿವ ಶಿವಾ! ಮರ ಕಡಿಯೂದು? ನಾವಾ? ಕೊಂಬಿ ತಗೊಂಡೀವಿ ಖರೆ. ಪೂಜಿ ಮಾಡಿ, ಅಪ್ಪಣಿ ಕೇಳಿ ತಗೊಂಡೀವಿ. ಅದು ಕೊಟ್ಟೈತಿ. ಬೇಕಾದ್ರ ಊರ ಮಂದಿನ್ನೆಲ್ಲ ಕೇಳ್ರಿ."

ಊರ ಮಂದಿಯೆಲ್ಲ ಹೌದು ಹೌದು ಎಂದರು. ಎಲ್ಲರ ಮುಖದಲ್ಲೂ ಎಂಥ ಭಕ್ತಿ! ಗಾಳೆಪ್ಪನಿಗೆ ಸಿಟ್ಟು ಎಲ್ಲಿ ಹಿಡಿದು ಎಲ್ಲಿ ಬಿಡಬೇಕೋ ತಿಳಿಯಲಿಲ್ಲ. ಮರ ತಾನೇ ಕೊಟ್ಟಿದೆ ಎಂದಮೇಲೆ ಏನು ಹೇಳುವುದು? ಅದನ್ನು ಕೇಳಿ ನೋಡೋಣವೆಂದರೆ ಸೂರ್ಯ ನೆತ್ತಿಗೆ ಬಂದಿದ್ದ, ಮಗಳು ಮಲಗಿಬಿಟ್ಟಿದ್ದಳು. ಎದ್ದೇಳುವ ತನಕ ಕಾಯೋಣವೆಂದರೆ ಕಡಲಿನ ಮೇಲೆ ಇನ್ನೂ ಮೋಡ ಉಳಿದಿದ್ದವು, ಹೊತ್ತು ತಪ್ಪಿದರೆ ಸಿಕ್ಕಲ್ಲಿ ಸುರಿದುಕೊಳ್ಳುವ ಜಾತಿಯವು.

"ಆಣಿ ಮಾಡ್ರಿ" ಎಂದ. "ಇನ್ನ ಮ್ಯಾಲೆ ಯಾರೂ ಈ ಮರ ಕಡಿಯೂದಿಲ್ಲ ಅಂತ."

"ಕಡಿಯೂದಿಲ್ಲ" ಎಂದು ಆಣೆ ಮಾಡಿದರು. ಮನಸ್ಸಿಟ್ಟೇ ಮಾಡಿದರು. ಗಾಳೆಪ್ಪ ಕಡಲಿಗೆ ಹೋದ.

ಅವರು ಆಣೆ ಮುರಿಯಲಿಲ್ಲ ಎನ್ನುವುದೇ ಇಲ್ಲಿಯ ಹಣೆಬರಹ. ಯಾರೂ ಮರ ಕಡಿಯಲಿಲ್ಲ. ಕುಂಬಾರ ಆವಿಗೆಗೆ ಒಂದು ಕೊಂಬೆ ತೆಗೆದುಕೊಂಡ. ಅಡಿವೆಪ್ಪನ ತಮ್ಮ ಬಾಗಿಲ ಚೌಕಟ್ಟಿಗೆ ಒಂದು ತೆಗೆದುಕೊಂಡ. ಬಾಳವ್ವ ಕಡೆಯ ಮಗನ ಮದುವೆಗೆ ಮತ್ತೊಂದು ಹಾಲುಗಂಬ ತಂದಳು. ಹೀಗೆ ಎಲ್ಲರೂ ಒಂದೊಂದು ಕೊಂಬೆ, ಒಂದೇ ಒಂದು ಕೊಂಬೆ. ಪ್ರತಿ ಸಲವೂ ಮಧ್ಯಾಹ್ನ, ಪ್ರತಿ ಸಲವೂ ಕಾಯಿ, ಹೂವು, ಕೈಮುಗಿತ.

ಕಡೆಗೆ ಬುಡವೊಂದು ಉಳಿಯಿತು. ಗಾಣದ ಶಂಕ್ರೆಪ್ಪ ಅದನ್ನು ಸುತ್ತಿ ಸುತ್ತಿ ನೋಡಿ, "ಕೊಂಬಿ ಇಲ್ಲ, ಎಲಿ ಇಲ್ಲ. ಇದು ಮರ ಹೆಂಗಾತು? ಇದು ಕೊರಡು" ಎಂದ. ಎಲೆಯಿಲ್ಲದ ಕೊರಡು ಏನು ಹೇಳೀತು? ಆದರೂ ಅಪ್ಪಣೆ ಕೇಳಿಯೇ ಗಾಣಕ್ಕೆ ಒಯ್ದ.

ಆ ವರ್ಷ ಗಾಳೆಪ್ಪ ಎಂದೂ ಹೊರದಷ್ಟು ಮೋಡ ಹೊತ್ತು ತಂದ. ಘಟ್ಟದ ನೆತ್ತಿಗೆ ಬಂದು ನೋಡಿದ. ಬೊಟ್ಟು ಇರಲಿಲ್ಲ. ಕಣ್ಣು ಉಜ್ಜಿಕೊಂಡು ನೋಡಿದ. ಬಯಲು ಒರೆಸಿದ ಹಲಗೆಯ ಹಾಗೆ ಖಾಲಿ ಇತ್ತು.

ದಾರಿ ತಪ್ಪಿತು. ಬಡಗಣಕ್ಕೆ ಹೋದ, ತೆಂಕಣಕ್ಕೆ ಬಂದ. ಬೆನ್ನ ಮೇಲಿನ ಮೋಡಗಳು ಗುಡುಗಾಡಿದವು.

"ಎಲ್ಲಿ ಇಳಸ್ತಿಯೋ ಮಾರಾಯಾ? ಹೊಟ್ಟಿ ಭಾರ ಆಗೈತಿ."

"ತಡಕೋರಿ. ನನ್ನ ಮಗಳು ಎಲ್ಲಿ ಅಂತ ನೋಡೂತನಕ ತಡಕೋರಿ."

"ತಡಕೊಳ್ಳಾಕ ಆಗೂದಿಲ್ಲ."

ಅವೂ ಮಾತು ಕೇಳಲಿಲ್ಲ. ಒಂದು ಬೋಳುಗುಡ್ಡದ ಮೇಲೆ ಎಲ್ಲವೂ ಒಮ್ಮೆಲೇ ಧಬಧಬ ಸುರಿದುಕೊಂಡವು. ನೀರು ಎಲ್ಲಿಯೂ ನಿಲ್ಲದೆ, ಮಣ್ಣನ್ನೂ ಕರೆದುಕೊಂಡು, ಹೊಳೆಗೆ ಓಡಿತು. ಇತ್ತ ಬಯಲಿಗೆ ಒಂದು ಹನಿಯೂ ಬೀಳಲಿಲ್ಲ.

ಬರಿಗೈಯಲ್ಲಿ ಗಾಳೆಪ್ಪ ಬಂದ. ಮರವಿದ್ದ ಜಾಗದಲ್ಲಿ ನೆಲದ ಮಟ್ಟಕ್ಕೆ ಕಡಿದ ಒಂದು ಬೊಡ್ಡೆ ಉಳಿದಿತ್ತು. ಅದಕ್ಕೆ ಅರಿಷಿಣ ಹಚ್ಚಿತ್ತು, ಕುಂಕುಮ ಇಟ್ಟಿತ್ತು, ಸೇವಂತಿಗೆ ಏರಿಸಿತ್ತು. ಅಷ್ಟು ಚೆಂದ ಪೂಜೆ ಮಾಡಿದ ಬೊಡ್ಡೆಯನ್ನು ಅವನು ಎಂದೂ ಕಂಡಿರಲಿಲ್ಲ.

"ತಂಗೆವ್ವಾ!" ಎಂದು ಕರೆದ.

ಯಾರೂ ಓಗೊಡಲಿಲ್ಲ.

"ತಂಗೆವ್ವಾ! ಆಟ ಸಾಕು, ಬಾ ಹೊರಗ!"

ಬಯಲಿನಲ್ಲಿ ಇಳಿಹೊತ್ತಿನ ಬಿಸಿಲು ಕುಣಿಯುತ್ತಿತ್ತು. ಅಡಗಿಕೊಳ್ಳಲು ಅಲ್ಲಿ ಒಂದು ಎಲೆಯೂ ಇರಲಿಲ್ಲ.

ಗಾಳೆಪ್ಪ ಊರೊಳಗೆ ನುಗ್ಗಿದ. ಮನೆಯಿಂದ ಮನೆಗೆ ಹೋದ.

"ಮರ ಕಡದವರು ಯಾರು?" ಎಂದು ಕುಂಬಾರನನ್ನು ಕೇಳಿದ.

"ನಾ ಒಂದ ಕೊಂಬಿ ತಗೊಂಡೀನ್ರಿ. ಅಪ್ಪಣಿ ಕೇಳೀನಿ."

"ನೀನು?" ಎಂದು ಅಡಿವೆಪ್ಪನ ತಮ್ಮನನ್ನು ಕೇಳಿದ.

"ಒಂದ ರೀ. ಅದೂ ಸಣ್ಣದು. ಎರಡು ಕಾಯಿ ಒಡದೀನಿ."

"ನೀನು ಬುಡ ತಗೊಂಡಿಯಲ್ಲೋ ಶಂಕ್ರೆಪ್ಪಾ!" ಎಂದ, ಗಾಣದಲ್ಲಿ ಅದನ್ನು ಕಂಡು.

"ಬುಡ ತಗೊಂಡೀನ್ರಿ. ಮರ ತಗೊಂಡಿಲ್ಲ. ನಾ ಹೋದಾಗ ಅಲ್ಲಿ ಮರ ಇರಲೇ ಇಲ್ಲ."

"ಹಂಗಾದ್ರ ಮರ ಯಾರ ಕಡದ್ರಪ್ಪಾ? ತಾನ ಎದ್ದು ನಡಕೊಂತ ಹೋತೇನು?"

ಹಿಂದೆ ಬಂದು ಕೂಡಿದ್ದ ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೂ ಅದೇ ಸೋಜಿಗ. ಪಾಪ, ನಿಜವಾಗಿಯೂ ಸೋಜಿಗ. ಗಾಳೆಪ್ಪನಿಗೆ ನೆತ್ತಿ ಹಾರುವುದೊಂದು ಬಾಕಿ. ಕಳ್ಳರಾಗಿದ್ದರೆ ಹಿಡಿದು ಬಡಿಯಬಹುದಿತ್ತು. ಇವರು ಹಣೆಗೆ ವಿಭೂತಿ ಇಟ್ಟುಕೊಂಡು, ಕೈಕಟ್ಟಿ, ಮಜ್ಜಿಗೆ ಕೊಡಲೇ ಎಂದು ಕೇಳುವವರು. ಇವರನ್ನು ಏನು ಮಾಡುವುದು?

"ಅಡಿವೆಪ್ಪಾ" ಎಂದ, ದನಿ ಇಳಿಸಿ. "ಮರ ಹೂಂ ಅಂದದ್ದು ನಿನ್ನ ಕಿವೀಲೆ ಕೇಳಿಯೇನು?"

"ಬ್ಯಾಡ ಅಂದದ್ದು ಕೇಳಲಿಲ್ಲರಿ."

"ನಾ ಅದನ್ನ ಕೇಳಲಿಲ್ಲ. ಹೂಂ ಅಂದದ್ದು ಕೇಳಿಯೇನು?"

ಅಡಿವೆಪ್ಪ ರುಮಾಲು ಬಿಚ್ಚಿ ಕೈಗೆ ತೆಗೆದುಕೊಂಡ.

"ಯಾವ ಹೊತ್ತಿನಾಗ ಕೇಳಿದ್ರಿ?"

ಅಡಿವೆಪ್ಪ ನೆಲ ನೋಡಿದ.

ಬಾಳವ್ವ ತನ್ನ ಅಂಗಳದಿಂದಲೇ ಹೇಳಿದಳು. "ಮಧ್ಯಾಹ್ನ. ಆ ಹೊತ್ತು ಹೇಳಿಕೊಟ್ಟಾಕಿ ನಾನು."

"ಯಾಕ?"

"ಮುಂಜಾನಿ ಕೇಳಿದ್ರ ಬ್ಯಾಡ ಅಂತಿತ್ತು."

ಗಾಳೆಪ್ಪ ಅವಳ ಅಂಗಳಕ್ಕೆ ಹೋದ. ಹಂದರದ ಗರಿಗಳನ್ನೆಲ್ಲ ಕಿತ್ತು ಎಸೆಯಬೇಕೆಂದೇ ಹೋದ. "ಅದು ಬ್ಯಾಡ ಅನ್ನೂದು ಗೊತ್ತಿತ್ತು ನಿನಗ! ಗೊತ್ತಿದ್ದು, ನನ್ನ ಕೂಸು ಮಲಗಿದ ಹೊತ್ತು ನೋಡಿ…" ಉಸಿರು ಗಂಟಲಿನಲ್ಲಿ ನಿಂತಿತು.

ಗಾಳೆಪ್ಪನ ಉಸಿರು ನಿಂತರೆ ಲೋಕದ ಗಾಳಿಯೇ ನಿಂತ ಹಾಗೆ. ಹಂದರದ ಗರಿ ನಿಂತಿತು. ಒಲೆಯ ಹೊಗೆ ನಿಂತಿತು. ಬಾಳವ್ವನ ಸೆರಗು ನಿಂತಿತು. ಎಲ್ಲ ನಿಂತಾಗ, ಒಂದು ಮಾತ್ರ ನಿಲ್ಲಲಿಲ್ಲ.

ಹಾಲುಗಂಬದ ತುದಿಯಲ್ಲಿ ಏನೋ ಅಲ್ಲಾಡಿತು.

ಕಡೆಯ ಮಗನ ಮದುವೆಗೆ ನೆಟ್ಟ ಕಂಬ ಅದು. ಹೊಸ ಸೊಸೆ ದಿನಾ ಮುಂಜಾನೆ ಪದ್ಧತಿಯಂತೆ ಬುಡಕ್ಕೆ ಹಾಲು-ನೀರು ಎರೆಯುತ್ತಿದ್ದಳು. ಕಂಬ ಬೇರು ಬಿಟ್ಟಿತ್ತು. ತುದಿಯಲ್ಲಿ ಎರಡು ಎಳೆ ಎಲೆ, ಕರುವಿನ ಕಿವಿಯಂಥವು, ಚಿಗುರಿದ್ದವು. ಗಾಳಿಯಿಲ್ಲದ ಅಂಗಳದಲ್ಲಿ ಅವೆರಡೂ ಸಣ್ಣಗೆ ನಡುಗುತ್ತಿದ್ದವು.

"ಅಪ್ಪಾ, ಹೊಯ್ಕೋಬ್ಯಾಡ. ಇಲ್ಲೇ ಅದೀನಿ."

ಗಾಳೆಪ್ಪ ಮೊಣಕಾಲೂರಿದ. "ತಂಗೆವ್ವಾ! ಬಾ. ಪೂರ್ತಿ ಹೊರಗ ಬಾ."

"ಪೂರ್ತಿ ಇಲ್ಲಪ್ಪಾ. ಇಲ್ಲಿ ಇರೂದು ಎರಡ ಎಲಿ. ಎರಡ ಎಲಿ ನೆರಳಿನಾಗ ಹಿಡಿಯೂವಷ್ಟ ಇಲ್ಲಿ ಅದೀನಿ."

"ಉಳದದ್ದು?"

"ಮರ ಹೋದ ದಿನ ಬಿಸಲಿಗೆ ಒಣಗಾಕ ಹತ್ತಿದೆ. ಓಡಿದೆ. ಎಲ್ಲೆಲ್ಲಿ ಎಲಿ ಕಂಡಿತೋ ಅಲ್ಲೆಲ್ಲ ಒಂದೀಟು ಒಂದೀಟು ಅಡಗಿದೆ. ಒಂದ ಕಡೆ ಎಲ್ಲಾನೂ ಹಿಡಿಯಲಿಲ್ಲ."

"ಯಾವ ಯಾವ ಎಲಿ? ಯಾವ ಯಾವ ಊರು?"

"ನೆನಪಿಲ್ಲಪ್ಪಾ. ಬಿಸಲು ಭಾಳ ಇತ್ತು."

"ನೆನಪಿಲ್ಲಂತ!" ಎಂದ ಗಾಳೆಪ್ಪ ಊರಿನವರ ಕಡೆ ತಿರುಗಿ. ನಗುತ್ತಿದ್ದನೋ ಅಳುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ. "ನೆನಪಿಲ್ಲಂತ ನೋಡ್ರಿ. ಇನ್ನ ನಾ ಈಕಿನ್ನ ಎಲಿ ಎಲಿ ಹುಡುಕಿ ಕೂಡಸಬೇಕು."

ಬಾಳವ್ವ ಹಿತ್ತಲಿಗೆ ಹೋಗಿ ಜಾಲಿ ಮುಳ್ಳು ತಂದು ಕಂಬದ ಸುತ್ತ ಬೇಲಿ ಕಟ್ಟತೊಡಗಿದಳು. ಕೈಗೆ ಮುಳ್ಳು ಚುಚ್ಚಿದರೂ ನಿಲ್ಲಲಿಲ್ಲ. ಕಟ್ಟಿ ಮುಗಿಸಿ ಹೇಳಿದಳು. "ಹಂದರ ಬಿಚ್ಚತೀನಿ. ಈ ಕಂಬ ಕೀಳೂದಿಲ್ಲ. ಮೊಮ್ಮಕ್ಕಳಿಗೂ ಕೀಳಾಕ ಬಿಡೂದಿಲ್ಲ."

"ನಿನ್ನ ಮಾತು ನಾ ನಂಬೂದು ಹೆಂಗ?"

"ನನ್ನ ನಂಬಬ್ಯಾಡ್ರಿ. ಮುಂಜಾನಿ ಬಂದು ಅದನ್ನ ಕೇಳ್ರಿ."

ಗಾಳೆಪ್ಪ ಮರುದಿನ ಮುಂಜಾನೆ ಬಂದು ಕೇಳಿದ. ಎಲೆ ಎರಡೂ ಆಡಿದವು, ಹೂಂ ಎಂದವು. ಅಡಿವೆಪ್ಪ ಬೇಲಿಯ ಆಚೆ ಕೈಮುಗಿದು ನಿಂತಿದ್ದ, ಏನನ್ನೂ ಬೇಡದೆ. ಮಗಳ ಅಷ್ಟು ಪಾಲನ್ನು ಅಲ್ಲಿಯೇ ಬಿಟ್ಟು, ಉಳಿದ ಪಾಲನ್ನು ಹುಡುಕುತ್ತ ಗಾಳೆಪ್ಪ ಬಯಲಿಗೆ ಇಳಿದ.

ಹುಡುಕುತ್ತಲೇ ಇದ್ದಾನೆ. ಮಳೆಗಾಲದಲ್ಲಿ ಕೆಲಸ ಬಿಡುವಂತಿಲ್ಲ, ಶಿವನ ಅಪ್ಪಣೆ. ಆದರೂ ಗುರುತಿನ ಮರವಿಲ್ಲದೆ ಎಷ್ಟೋ ಸಲ ದಾರಿ ತಪ್ಪುತ್ತಾನೆ. ಒಂದು ಕಡೆ ಮೋಡವೆಲ್ಲ ಒಮ್ಮೆಲೇ ಸುರಿದುಹೋಗುತ್ತವೆ, ಇನ್ನೊಂದು ಕಡೆ ಜನ ಮುಖ ಮೇಲೆತ್ತಿ ಬರಿದೇ ನಿಲ್ಲುತ್ತಾರೆ. ಬೇಸಗೆಯಲ್ಲಿ ಅವನಿಗೆ ಬಿಡುವು. ಆಗ ಹೊರಡುತ್ತಾನೆ, ಮಧ್ಯಾಹ್ನವೇ ಹೊರಡುತ್ತಾನೆ, ಮಗಳು ಕಳೆದುಹೋದ ಹೊತ್ತು ಅದು.

ಆದ್ದರಿಂದಲೇ ಇವತ್ತಿಗೂ, ಸುಡು ಮಧ್ಯಾಹ್ನ ಬೋಳು ಹೊಲದಲ್ಲಿ ಸುಂಟರಗಾಳಿ ಎದ್ದು, ಕಡ್ಡಿ, ಹೊಟ್ಟು, ತರಗೆಲೆ, ಕಂಡದ್ದನ್ನೆಲ್ಲ ಎತ್ತಿ ತಿರುಗಿಸಿ ನೋಡಿ, ಅಲ್ಲವೆಂದು ಎಸೆಯುತ್ತ ಹೋಗುತ್ತದೆ. ದಾರಿಯಲ್ಲಿ ಒಂದು ಹಸಿರು ಮರ ಅಡ್ಡ ಬಂದರೆ ಮಾತ್ರ ಅದರೊಳಗೆ ಹೊಕ್ಕು, ಮಗಳ ಒಂದಿಷ್ಟು ಪಾಲು ಸಿಕ್ಕವನ ಹಾಗೆ, ಅಲ್ಲಿಯೇ ತಣ್ಣಗಾಗಿ ನಿಂತುಬಿಡುತ್ತದೆ.

ಓದಿದವರು ಈ ಕತೆಯನ್ನು ನಿಮ್ಮ ಮನೆಯ ಮಕ್ಕಳಿಗೆ ಹೇಳಿ. ಮರದ ಕೆಳಗೆ ಕುಳಿತು ಹೇಳಿ. ನೆನಪಿರಲಿ, ಮಧ್ಯಾಹ್ನ ಹೇಳಬೇಡಿ. ಎಲೆ ಆಡುವ ಹೊತ್ತಿಗೆ ಹೇಳಿ, ನಾವು ಹೇಳಿದ್ದರಲ್ಲಿ ತಪ್ಪಿದ್ದರೆ ಮರ ಬೇಡ ಎನ್ನಲಿ.